ದಿನಾ ಮೈದಾನಕ್ಕೆ ಬರುವ ಮಗು ಯಾಕೆ ಬರುತ್ತದೆ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಖೋಖೋ ಮತ್ತು ಕಬಡ್ಡಿ ಪ್ರಾಕ್ಟೀಸ್‌ಗೆ 12ರಿಂದ 16 ವರ್ಷದ 38 ಮಕ್ಕಳು ಬೆಳಗ್ಗೆ, ಸಂಜೆ ಬರುತ್ತಾರೆ. ನಮ್ಮೂರಿನವರೇ ಆದ ದಾನಿಯೊಬ್ಬರು ಶೂ, ಹಾಲು, ಮೊಟ್ಟೆಯ ಖರ್ಚು ನೋಡಿಕೊಳ್ಳುತ್ತಾರೆ. ಈ ವರ್ಷ ಅವರು, "ನಿಜವಾಗಿ ಬದ್ಧತೆ ಇರೋ 15 ಮಕ್ಕಳನ್ನ ಆರಿಸಿ ಕೊಡಿ, ಅವರಿಗೆ ಇನ್ನೂ ಜಾಸ್ತಿ ಮಾಡೋಣ. ಆದರೆ ನಿಮ್ಮ ಅಂದಾಜು ಬೇಡ, ಅಂಕ ಬೇಕು" ಎಂದಿದ್ದಾರೆ. ನನ್ನ ಹತ್ತಿರ ಇರುವುದು ಹಾಜರಿ ಪುಸ್ತಕ ಮಾತ್ರ. ಅದರಲ್ಲಿ ಎಲ್ಲರಿಗಿಂತ ಮುಂದಿರುವ ಹುಡುಗಿ ಒಂದು ದಿನವೂ ತಪ್ಪಿಸಿಲ್ಲ, ಆದರೆ ಮೂರು ತಿಂಗಳಿಂದ ಅವಳ ಮುಖದಲ್ಲಿ ಕಳೆಯೇ ಇಲ್ಲ. ಮಕ್ಕಳ ಬದ್ಧತೆ ಅಳೆಯೋಕೆ ಪ್ರಶ್ನಾವಳಿ ಇದೆ ಅಂತ ಕೇಳಿದ್ದೇನೆ. ಅದನ್ನು ಕನ್ನಡಕ್ಕೆ ಮಾಡಿಕೊಂಡು ಬಳಸಬಹುದಾ?

ಉತ್ತರ:

ಮೇಷ್ಟ್ರೇ, ನಮಸ್ಕಾರ.

ಪ್ರಶ್ನಾವಳಿ ಇದೆ, ಚೆನ್ನಾಗಿಯೂ ಇದೆ. ಕನ್ನಡಕ್ಕೆ ಮಾಡಿಕೊಂಡು ಬಳಸಲೂಬಹುದು. ಆದರೆ 15 ಮಕ್ಕಳನ್ನು ಆರಿಸುವುದಕ್ಕೆ ಮಾತ್ರ ಅದನ್ನು ಬಳಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆ ಎಂದು ವಿವರಿಸೋಕೆ ಸ್ವಲ್ಪ ಜಾಗ ಬೇಕು.

ನಿಮ್ಮ ಹಾಜರಿ ಪುಸ್ತಕದಿಂದಲೇ ಶುರು ಮಾಡೋಣ. ಕೆಲವು ವರ್ಷದ ಹಿಂದೆ ಒಂದು ಕ್ಲಬ್ಬಿನವರು ಮಕ್ಕಳ ಜೊತೆ ಮಾತಾಡೋಕೆ ನನ್ನನ್ನು ಕರೆದಿದ್ದರು. ಅಲ್ಲೊಬ್ಬ 15 ವರ್ಷದ ಹುಡುಗ ಇದ್ದ. ಎರಡು ವರ್ಷದ ಹಾಜರಿಯಲ್ಲಿ ಅವನ ಹೆಸರಿನ ಮುಂದೆ ಒಂದೇ ಒಂದು ಗೈರು ಇರಲಿಲ್ಲ. ಡೆಡಿಕೇಶನ್ ಅಂದರೆ ಇವನದು ಎಂದು ಕೋಚ್ ಅವನನ್ನು ಎಲ್ಲರಿಗೂ ತೋರಿಸುತ್ತಿದ್ದರು. ನಾನು ಅವನ ಹತ್ತಿರ ಸುಮ್ನೆ ಕೇಳಿದೆ, "ಮಳೆ ಬಂದು ಪ್ರಾಕ್ಟೀಸ್ ರದ್ದಾದರೆ ಏನನ್ಸುತ್ತೆ?" ಅವನು ಒಂದು ಸಲ ಹಿಂದೆ ತಿರುಗಿ ನೋಡಿ, "ಖುಷಿ ಆಗುತ್ತೆ ಮೇಡಂ. ಅಪ್ಪನಿಗೆ ಹೇಳಬೇಡಿ" ಎಂದ. ಅವನ ಆಟಕ್ಕಾಗಿ ಅಪ್ಪ ಸಾಲ ಮಾಡಿದ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಆ ಹುಡುಗ ಮೈದಾನದ ಕಡೆ ತಲೆ ಹಾಕಲಿಲ್ಲ.

ಅದೇ ಪುಸ್ತಕದಲ್ಲಿ ತಿಂಗಳಿಗೆ ಎಂಟು, ಹತ್ತು ಗೈರು ಇದ್ದ ಒಬ್ಬ ಖೋಖೋ ಹುಡುಗಿಯೂ ಇದ್ದಳು. ಅಮ್ಮ ಕೂಲಿಗೆ ಹೋದ ದಿನ ತಮ್ಮನನ್ನು ನೋಡಿಕೊಳ್ಳೋದು ಅವಳ ಕೆಲಸ. ಆ ದಿನಗಳಲ್ಲಿ ಅವಳು ಮನೆ ಹಿಂದಿನ ಎರಡು ತೆಂಗಿನ ಮರಗಳನ್ನೇ ಪೋಲ್ ಮಾಡಿಕೊಂಡು, ತಮ್ಮನನ್ನು ಜಗಲಿ ಮೇಲೆ ಕೂರಿಸಿ, ಪೋಲ್ ತಿರುಗೋದನ್ನು ಅಭ್ಯಾಸ ಮಾಡುತ್ತಿದ್ದಳು. ಒಂದು ಮರದ ತೊಗಟೆ ಕೈಯೆತ್ತರದಲ್ಲಿ ನುಣ್ಣಗಾಗಿತ್ತು. ಹಾಜರಿ ನೋಡಿ ಆರಿಸಿದ್ದರೆ ಅವಳ ಹೆಸರು ಪಟ್ಟಿಯಲ್ಲಿ ಇರುತ್ತಲೇ ಇರಲಿಲ್ಲ, ಅಲ್ವಾ?

ಮಗು ಬರುತ್ತದೋ ಇಲ್ಲವೋ ಅನ್ನುವುದನ್ನಷ್ಟೇ ಹಾಜರಿ ಹೇಳುತ್ತದೆ. ಬದ್ಧತೆ ಅನ್ನುವುದು ಮನಸ್ಸಿನ ಸ್ಥಿತಿ. ಈ ಆಟದಲ್ಲಿ ಮುಂದುವರಿಯಬೇಕು ಅನ್ನುವ ಆಸೆ ಮತ್ತು ನಿರ್ಧಾರ ಎರಡೂ ಅದರಲ್ಲಿ ಸೇರಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿದ್ದ ತಾರಾ ಸ್ಕ್ಯಾನ್ಲನ್ ಮತ್ತು ಅವರ ಜೊತೆಗಾರರು 1993ರಲ್ಲಿ ಬದ್ಧತೆಯನ್ನು ಹೆಚ್ಚುಕಡಿಮೆ ಹೀಗೆಯೇ ವಿವರಿಸಿದರು. ಈ ವಿಷಯದಲ್ಲಿ ಇವತ್ತಿಗೂ ಎಲ್ಲರೂ ಮೊದಲು ಹೋಗುವುದು ಅವರ ಮಾದರಿಗೇ.

ಆ ಮಾದರಿಯ ಬೇರು ಕ್ರೀಡೆಯ ಹೊರಗಿದೆ. ಕ್ಯಾರಿಲ್ ರಸ್ಬಲ್ಟ್ ಎಂಬ ಮನಶ್ಶಾಸ್ತ್ರಜ್ಞೆ 1980ರಲ್ಲಿ, ಜನ ಒಂದು ಸಂಬಂಧದಲ್ಲಿ ಯಾಕೆ ಉಳಿಯುತ್ತಾರೆ ಎಂದು ಕೇಳಿದ್ದರು. ಸುಖ ಇದ್ದರೆ ಉಳಿಯುತ್ತಾರೆ, ಅದು ಸರಿ. ಆದರೆ ಸುಖ ಇಲ್ಲದೆಯೂ ಉಳಿಯುವವರಿದ್ದಾರಲ್ಲ? ಬೇರೆ ದಾರಿ ಇಲ್ಲದ್ದರಿಂದ ಕೆಲವರು, ಇಷ್ಟು ವರ್ಷ ಹಾಕಿದ್ದು ವ್ಯರ್ಥವಾಗುತ್ತದೆ ಎಂದು ಕೆಲವರು. ನಮ್ಮ ಮನೆಗಳಲ್ಲೇ ಇಂಥ ಸಂಸಾರಗಳನ್ನು ಕಂಡಿದ್ದೇವೆ. ಸ್ಕ್ಯಾನ್ಲನ್ ಈ ಯೋಚನೆಯನ್ನು ಮೈದಾನಕ್ಕೆ ತಂದರು. ಮಗು ಆಟದಲ್ಲಿ ಉಳಿಯಲು ಐದು ಕಾರಣ ಗುರುತಿಸಿದರು. ಆಟದಲ್ಲಿ ಸಿಗುವ ಖುಷಿ ಮೊದಲನೆಯದು. ಕೈಬೀಸಿ ಕರೆಯುವ ಬೇರೆ ಆಯ್ಕೆಗಳು ಎಷ್ಟಿವೆ ಅನ್ನೋದು ಎರಡನೆಯದು. ಈಗಾಗಲೇ ಸುರಿದಿರುವ ಸಮಯ, ಶ್ರಮ, ದುಡ್ಡು ಇನ್ನೊಂದು. ಬಿಟ್ಟರೆ ಬೇರೆಯವರು ಏನಂದಾರು ಅನ್ನುವ ಭಯ ನಾಲ್ಕನೆಯದು. ಕೊನೆಯದು, ಆಟದಲ್ಲಿ ಇದ್ದರೆ ಮಾತ್ರ ಸಿಗುವಂಥವು: ಗೆಳೆಯರು, ಊರೂರು ತಿರುಗೋದು, ಟೀಮಿನ ಜರ್ಸಿ. ಮುಂದೆ ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ರಗ್ಬಿ ಆಟಗಾರರನ್ನೂ ಸಿಲ್ವರ್ ಫರ್ನ್ಸ್ ನೆಟ್‌ಬಾಲ್ ಆಟಗಾರ್ತಿಯರನ್ನೂ ಕೂರಿಸಿಕೊಂಡು ದೀರ್ಘವಾಗಿ ಮಾತಾಡಿಸಿದರು. ಆ ಮಾತುಕತೆಗಳಿಂದ, ಬೆನ್ನಿಗೆ ನಿಲ್ಲುವವರ ಬೆಂಬಲ ಅನ್ನೋದಕ್ಕೂ ಮಾದರಿಯಲ್ಲಿ ಜಾಗ ಸಿಕ್ಕಿತು.

ನೀವು ಕೇಳಿರುವ ಪ್ರಶ್ನಾವಳಿ ಇದೇ ತಂಡದ್ದಿರಬೇಕು. ಅದರ ಎರಡನೇ ರೂಪ 2016ರಲ್ಲಿ ಬಂತು. ಅದರಲ್ಲಿ 58 ವಾಕ್ಯಗಳಿವೆ, 12 ವಿಭಾಗಗಳಿವೆ. ಪ್ರತಿ ವಾಕ್ಯಕ್ಕೂ ಐದು ಮೆಟ್ಟಿಲಿನ ಉತ್ತರ, ಸ್ವಲ್ಪವೂ ಒಪ್ಪಲ್ಲ ಎಂಬಲ್ಲಿಂದ ಪೂರ್ತಿ ಒಪ್ಪುತ್ತೇನೆ ಎಂಬವರೆಗೆ. ಹದಿಹರೆಯದ ಆಟಗಾರರ ಜೊತೆಯಲ್ಲೇ ಪರೀಕ್ಷಿಸಿ ಇದನ್ನು ತಯಾರಿಸಿದರು. 12ರಲ್ಲಿ ಹತ್ತು ವಿಭಾಗಗಳು ಕಾರಣಗಳ ಬಗ್ಗೆ ಕೇಳುತ್ತವೆ. ಉಳಿದ ಎರಡು ನಿಮಗೆ ತುಂಬಾ ಮುಖ್ಯ. ಯಾಕೆಂದರೆ ಬದ್ಧತೆ ಒಂದೇ ಥರದ್ದಲ್ಲ, ಎರಡು ಥರದ್ದು ಎಂದು ಅವರು ಬಿಡಿಸಿ ಹೇಳಿದರು. ಒಂದನ್ನು ನಾನು ಕನ್ನಡದಲ್ಲಿ ಒಲವಿನ ಬದ್ಧತೆ ಎನ್ನುತ್ತೇನೆ, ಬೇಕು ಎಂದು ಇರೋದು. ಇನ್ನೊಂದು ಕಟ್ಟಿಹಾಕಿದ ಬದ್ಧತೆ, ಬಿಡೋಕಾಗದೆ ಇರೋದು.

ಇಲ್ಲೇ ದಾನಿಗಳ ಅಂಕದ ಲೆಕ್ಕ ಕೈಕೊಡುತ್ತದೆ. ಒಬ್ಬ ಹುಡುಗನಿಗೆ ಒಲವಿನ ಬದ್ಧತೆ 4.5, ಕಟ್ಟಿಹಾಕಿದ್ದು 2 ಬಂತು ಅನ್ನಿ. ಇನ್ನೊಬ್ಬ ಹುಡುಗಿಗೆ ಒಲವಿನದು 2, ಕಟ್ಟಿಹಾಕಿದ್ದು 4.5. ಕೂಡಿಸಿದರೆ ಇಬ್ಬರಿಗೂ 6.5. ಪಟ್ಟಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂರುತ್ತಾರೆ. ಆದರೆ ಒಬ್ಬ ಕುಣಿಯುತ್ತಾ ಬರುತ್ತಾನೆ, ಇನ್ನೊಬ್ಬಳು ಒಳಗೊಳಗೇ ಬೇಯುತ್ತಾ ಬರುತ್ತಾಳೆ. ಈ ಎರಡು ಸಂಖ್ಯೆಗಳನ್ನು ಯಾವತ್ತೂ ಕೂಡಿಸಬೇಡಿ, ಸರಾಸರಿಯೂ ತೆಗೆಯಬೇಡಿ. ಎರಡು ಕಾಲಮ್ಮಿನಲ್ಲಿ ಬೇರೆ ಬೇರೆಯಾಗಿಯೇ ಇರಲಿ.

ಕಟ್ಟಿಹಾಕಿದ ಬದ್ಧತೆ ಮಕ್ಕಳಿಗೆ ಏನು ಮಾಡುತ್ತದೆ ಅನ್ನೋದನ್ನು ಥಾಮಸ್ ರೇಡಿಕಿ ಎಂಬ ಸಂಶೋಧಕರು 1997ರಲ್ಲಿ ಅಮೆರಿಕದ ಈಜುಪಟುಗಳಲ್ಲಿ ನೋಡಿದರು. 13ರಿಂದ 18 ವರ್ಷದ 200ಕ್ಕೂ ಹೆಚ್ಚು ಮಕ್ಕಳು. ಖುಷಿ ಕಡಿಮೆಯಾಗಿ, ಆದರೆ ಬಿಡೋಕಾಗದೆ ಸಿಕ್ಕಿಬಿದ್ದಂತಿದ್ದ ಮಕ್ಕಳಲ್ಲಿ ಬಳಲಿಕೆ ಜಾಸ್ತಿ ಕಂಡಿತು. ಇದು ಮೈ ಆಯಾಸ ಮಾತ್ರ ಆಗಿರಲಿಲ್ಲ. ಮನಸ್ಸೂ ಬತ್ತುತ್ತದೆ, ಎಷ್ಟು ಮಾಡಿದರೂ ಏನೂ ಸಾಧಿಸಿಲ್ಲ ಅನಿಸುತ್ತದೆ, ಕೊನೆಗೆ ಆಟದ ಮೇಲಿನ ಬೆಲೆಯೇ ಹೋಗುತ್ತದೆ. 2001ರಲ್ಲಿ ರೇಡಿಕಿ ಮತ್ತು ಸ್ಮಿತ್ ಈ ಮೂರನ್ನೂ ಅಳೆಯುವ 15 ವಾಕ್ಯಗಳ ಇನ್ನೊಂದು ಪ್ರಶ್ನಾವಳಿಯನ್ನೇ ಮಾಡಿದರು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಈಜುಕೊಳಕ್ಕೆ ಹೋಗುವ ಬೆಂಗಳೂರಿನ ಮಕ್ಕಳ ಜೊತೆ ಕೆಲಸ ಮಾಡುವಾಗ ಆ ಮೂರೂ ಲಕ್ಷಣಗಳನ್ನು ಕಣ್ಣಾರೆ ಕಂಡಿದ್ದೇನೆ. ಆ ಮಕ್ಕಳ ಹಾಜರಿ ನೂರಕ್ಕೆ ನೂರು ಇರುತ್ತದೆ.

ನಮ್ಮ ಕಡೆ ಈ ಕಟ್ಟು ಹಲವು ರೂಪದಲ್ಲಿ ಬರುತ್ತದೆ. ಕ್ರೀಡಾ ಹಾಸ್ಟೆಲಿನ ಮಗುವಿಗೆ ಆಟ ಬಿಡೋದು ಅಂದರೆ ಊಟ, ಹಾಸಿಗೆ, ಶಾಲೆ ಮೂರನ್ನೂ ಬಿಡೋದು. ಖೇಲೋ ಇಂಡಿಯಾದಲ್ಲಿ ಆಯ್ಕೆಯಾದವರಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು ಸಿಗುತ್ತದೆ. ಒಳ್ಳೆಯದೇ. ಆದರೆ ಎಷ್ಟೋ ಮನೆಗಳಲ್ಲಿ ಆ ದುಡ್ಡು ಮನೆಯ ಲೆಕ್ಕದಲ್ಲಿ ಸೇರಿಹೋಗಿರುತ್ತದೆ. ಆಮೇಲೆ ಮಗುವಿಗೆ ಆಟ ಸಾಕು ಅನಿಸಿದರೂ ಬಾಯಿ ಬಿಡೋಕಾಗಲ್ಲ. ವೃತ್ತಿಶಿಕ್ಷಣದ ಕ್ರೀಡಾ ಕೋಟಾದ ಸೀಟು ಇನ್ನೊಂದು. "ಪಿಯುಸಿವರೆಗೂ ಹೇಗೋ ಆಡಿಬಿಡು, ಸರ್ಟಿಫಿಕೇಟ್ ಬರಲಿ" ಅನ್ನೋ ಮಾತು ನೀವೂ ಕೇಳಿರುತ್ತೀರಿ. ಇವೆಲ್ಲ ಕೆಟ್ಟ ಕಾರಣಗಳು ಎಂದು ನಾನು ಹೇಳುತ್ತಿಲ್ಲ. ಬಡ ಮನೆಯ ಮಗುವಿಗೆ ಆಟದಿಂದ ಒಂದು ಸೀಟು ಸಿಕ್ಕರೆ ಅದಕ್ಕಿಂತ ಇನ್ನೇನು ಬೇಕು. ಆದರೆ ಅದೊಂದೇ ಕಾರಣ ಉಳಿದಾಗ ಮಗುವನ್ನು ಹತ್ತಿರದಿಂದ ನೋಡಬೇಕು.

ಈಗ ನಿಮ್ಮ ದಾನಿಗಳ ಮೊಟ್ಟೆಯ ಬಗ್ಗೆ ಯೋಚಿಸಿ. ಬದ್ಧತೆಯ ಅಂಕ ನೋಡಿ ಜಾಸ್ತಿ ಕೊಡುತ್ತೇವೆ ಎಂದ ಕ್ಷಣಕ್ಕೆ, ನೀವೇ ಒಂದು ಹೊಸ ಹಗ್ಗ ಹೊಸೆದಂತಾಯಿತು. ಅಷ್ಟೇ ಅಲ್ಲ, ಉತ್ತರಗಳೂ ಸುಳ್ಳಾಗುತ್ತವೆ. ಮನೆಯಲ್ಲಿ ಹಾಲು ಕಾಣದ ಮಗು "ಆಟ ಬಿಡಬೇಕು ಅನ್ನಿಸುತ್ತಾ?" ಎಂಬ ಪ್ರಶ್ನೆಗೆ ನಿಜ ಹೇಳುತ್ತದೆಯೇ? ಹೇಳಬೇಕು ಎಂದು ನಾವು ಬಯಸುವುದೇ ತಪ್ಪು. ಈ ಪ್ರಶ್ನಾವಳಿಗಳೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ನಿಜ ಹೇಳಿದರೆ ನನಗೆ ಏನೂ ನಷ್ಟ ಇಲ್ಲ ಎಂದು ಮಗುವಿಗೆ ಗೊತ್ತಿರಬೇಕು.

ಇನ್ನು ಅನುವಾದದ ಮಾತು. ಇಂಗ್ಲಿಷಿನ 58 ವಾಕ್ಯಗಳನ್ನು ಒಂದು ಭಾನುವಾರ ಕೂತು ಕನ್ನಡಕ್ಕೆ ಮಾಡಿಬಿಟ್ಟರೆ ಅದು ಅದೇ ಅಳತೆಗೋಲಾಗಿ ಉಳಿಯುವುದಿಲ್ಲ. ಕ್ರಮವಾಗಿ ಮಾಡುವುದಾದರೆ ಒಬ್ಬರು ಕನ್ನಡಕ್ಕೆ ತರಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ಮಾಡಬೇಕು, ಎರಡನ್ನೂ ಪಕ್ಕದಲ್ಲಿಟ್ಟು ಎಲ್ಲಿ ಜಾರಿದೆ ಎಂದು ನೋಡಬೇಕು. ಆಮೇಲೆ ನಾಲ್ಕೈದು ಮಕ್ಕಳಿಗೆ ಕೊಟ್ಟು, ಪ್ರತಿ ವಾಕ್ಯ ಓದಿದ ಮೇಲೆ "ಇದು ಏನು ಕೇಳ್ತಿದೆ, ನಿನ್ನ ಮಾತಲ್ಲಿ ಹೇಳು" ಅನ್ನಬೇಕು. ಈ ಕೊನೆಯ ಹಂತ ಬಿಟ್ಟರೆ ಮುಂದಿನದೆಲ್ಲ ಹಾಳು. ನಾನು ಮೊದಲ ಸಲ ಹೀಗೆ ಮಾಡಿದಾಗ ಒಂದು ವಾಕ್ಯದಲ್ಲಿ 'ಬದ್ಧನಾಗಿದ್ದೇನೆ' ಎಂದು ಬರೆದಿದ್ದೆ. ಏಳನೇ ಕ್ಲಾಸಿನ ಹುಡುಗ ಅದನ್ನು ಎರಡು ಸಲ ಓದಿ, "ಬದ್ಧ ಅಂದ್ರೆ ಬದ್ಧವೈರಿ ಅಂತಾರಲ್ಲ, ಅದಾ ಮೇಡಂ?" ಎಂದ. ಅವನು ಆ ಪದವನ್ನು ಕೇಳಿದ್ದು ಅಲ್ಲಿ ಮಾತ್ರ. ಅವತ್ತೇ ಆ ಪದ ತೆಗೆದುಹಾಕಿದೆ. 'ತ್ಯಾಗ' ಅನ್ನೋದನ್ನೂ ತೆಗೆದೆ, ಮಕ್ಕಳಿಗೆ ಅದು ಗಡಿಯಲ್ಲಿರುವ ಸೈನಿಕರ ಮಾತು.

ಮೆಟ್ಟಿಲಿನ ಸಂಖ್ಯೆಗಳಲ್ಲೂ ಒಂದು ತೊಡಕಿದೆ. ಒಬ್ಬ ಹುಡುಗಿ ಎಲ್ಲದಕ್ಕೂ 5 ಹಾಕಿ ಕೊಟ್ಟಳು, 'ಆಟ ಬೇಸರ ತರಿಸುತ್ತದೆ' ಅನ್ನುವುದಕ್ಕೂ 5. ಯಾಕಮ್ಮಾ ಎಂದರೆ, "ಕಡಿಮೆ ಹಾಕಿದ್ರೆ ಮಾರ್ಕ್ಸ್ ಕಡಿಮೆ ಆಗುತ್ತಲ್ವಾ ಮೇಡಂ?" ಎಂದಳು. ಅಂದಿನಿಂದ ನಾನು ಅಂಕಿಗಳನ್ನು ಕೊಡುವುದಿಲ್ಲ. ಚಿಕ್ಕ ಮಕ್ಕಳಿಗೆ ಐದು ಹುಣಸೆ ಬೀಜ ಮತ್ತು ಒಂದು ಬಟ್ಟಲು ಕೊಡುತ್ತೇನೆ. ವಾಕ್ಯ ಓದುತ್ತೇನೆ. ಎಷ್ಟು ನಿಜ ಅನಿಸುತ್ತದೋ ಅಷ್ಟು ಬೀಜ ಬಟ್ಟಲಿಗೆ ಹಾಕಬೇಕು. ಚೌಕಾಬಾರ ಆಡುವ ಮಕ್ಕಳಿಗೆ ಬೀಜ ಎಣಿಸೋದು ಹೊಸದೇನಲ್ಲ. ಕೈ ಬಟ್ಟಲಿನ ಮೇಲೆ ಬಂದು, ತಡೆದು, ಒಂದು ಬೀಜ ವಾಪಸ್ ತೆಗೆದುಕೊಳ್ಳುವುದನ್ನು ನೋಡಿದರೆ ಮಗು ನಿಜವಾಗಿ ಯೋಚಿಸುತ್ತಿದೆ ಎಂದು ಗೊತ್ತಾಗುತ್ತದೆ. ದೊಡ್ಡವರಿಗೆ ಪದಗಳೇ ಸಾಕು: ಇಲ್ಲವೇ ಇಲ್ಲ, ಸ್ವಲ್ಪ, ಅರ್ಧಂಬರ್ಧ, ಜಾಸ್ತಿ, ಪೂರ್ತಿ.

58 ವಾಕ್ಯಗಳು ನಿಮ್ಮ ಕೆಲಸಕ್ಕೆ ಬೇಡ. ಸಂಶೋಧನೆಗೆ ಅವು ಬೇಕು. ನಿಮಗೆ ಬೇಕಾಗಿರುವುದು ಮಕ್ಕಳ ಮನಸ್ಸಿನ ಒಂದು ಅಂದಾಜು. ಒಲವಿಗೆ ನಾಲ್ಕು, ಕಟ್ಟಿಗೆ ನಾಲ್ಕು ವಾಕ್ಯ ಇಟ್ಟುಕೊಳ್ಳಿ. ನಾನು ಬಳಸುವ ನನ್ನವೇ ವಾಕ್ಯಗಳು ಇವು. 'ನಾಳೆ ಪ್ರಾಕ್ಟೀಸ್ ಇದೆ ಅಂದರೆ ಖುಷಿ ಆಗುತ್ತೆ.' 'ಯಾರೂ ಹೇಳದಿದ್ದರೂ ನಾನು ಈ ಆಟ ಆಡ್ತೀನಿ.' 'ಮುಂದಿನ ವರ್ಷವೂ ಈ ಆಟದಲ್ಲಿ ಇರಬೇಕು ಅಂತ ಆಸೆ ಇದೆ.' 'ಕಷ್ಟ ಆದ ದಿನವೂ ಬಿಡಬೇಕು ಅನ್ಸಲ್ಲ.' ಇವು ಒಲವಿನವು. ಇನ್ನು ಕಟ್ಟಿನವು: 'ಬಿಡಬೇಕು ಅನ್ಸುತ್ತೆ, ಆದರೆ ಬಿಡೋಕಾಗಲ್ಲ.' 'ಬಿಟ್ಟರೆ ಮನೆಯವರಿಗೆ ಬೇಜಾರಾಗುತ್ತೆ ಅಂತ ಬರ್ತೀನಿ.' 'ಇಷ್ಟು ದಿನ ಮಾಡಿದ್ದು ವೇಸ್ಟ್ ಆಗುತ್ತೆ ಅಂತ ಮುಂದುವರಿಸ್ತಿದ್ದೀನಿ.' 'ಆಟ ಬಿಟ್ಟರೆ ನನಗೆ ಬೇರೆ ದಾರಿ ಇಲ್ಲ.' ಎರಡೂ ಬಗೆಯವನ್ನು ಕಲಸಿ ಕೇಳಿ, ಒಂದೇ ಬಗೆಯವನ್ನು ಸಾಲಾಗಿ ಕೇಳಿದರೆ ಮಕ್ಕಳ ಕೈ ತಾನಾಗಿ ಓಡುತ್ತದೆ. ಇವುಗಳನ್ನು ದೊಡ್ಡ ಅಧ್ಯಯನದಲ್ಲಿ ಪರೀಕ್ಷಿಸಿಲ್ಲ. ಅದಕ್ಕೇ ಇವನ್ನು ಮಾತು ಶುರು ಮಾಡೋಕೆ ಬಳಸಿ, ತೀರ್ಪು ಕೊಡೋಕೆ ಬೇಡ.

ಈ ಎಂಟರ ಜೊತೆ ಎರಡು ಬಿಡಿ ಪ್ರಶ್ನೆ ಸೇರಿಸಿ, ಉತ್ತರವನ್ನು ಮಕ್ಕಳೇ ಬರೆಯಲಿ ಅಥವಾ ಹೇಳಲಿ. ಒಂದು, 'ಪ್ರಾಕ್ಟೀಸ್‌ನಲ್ಲಿ ನಿನಗೆ ತುಂಬಾ ಇಷ್ಟವಾಗೋದು ಏನು?' ಇನ್ನೊಂದು, 'ಯಾವುದು ಇಲ್ಲದಿದ್ದರೆ ಚೆನ್ನಾಗಿರುತ್ತಿತ್ತು?' ಮೊದಲನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಮಾದರಿ ಹಿಡಿದು ಮಾಡಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಗಟ್ಟಿಯಾಗಿ ನಿಂತಿರುವ ಕಾರಣ ಖುಷಿಯೇ. ಒತ್ತಡದ ವಿಷಯದಲ್ಲಿ ಮೊದಲ ಅಂದಾಜು ಬೇರೆ ಇತ್ತು. ಬೇರೆಯವರು ಏನಂದಾರು ಅನ್ನೋ ಭಯವೂ ಬದ್ಧತೆಯನ್ನು ಹೆಚ್ಚಿಸುತ್ತದೆ ಎಂದುಕೊಂಡಿದ್ದರು. ಮಕ್ಕಳನ್ನು ಕೇಳಿದಾಗ ಹಾಗೆ ಕಾಣಲಿಲ್ಲ. ಬೈದು, ಹೆದರಿಸಿ ಮಕ್ಕಳನ್ನು ಹಿಡಿದಿಡಬಹುದು ಎನ್ನುವ ಕೋಚ್‌ಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಖುಷಿ ಅಂದರೆ ಸುಲಭ ಅಂತಲೂ ಅಲ್ಲ. ಮಕ್ಕಳ ಉತ್ತರ ಓದಿ ನೋಡಿ, ಮೊದಲ ಸಲ ಪೋಲ್ ಡೈವ್ ಸರಿಯಾಗಿ ಬಂದ ದಿನ, ಬೋನಸ್ ಲೈನ್ ಮುಟ್ಟಿ ವಾಪಸ್ ಬಂದ ಕ್ಷಣ, ನೀವು ಹೆಸರು ಹಿಡಿದು "ಭಲೇ" ಎಂದದ್ದು, ಇಂಥವೇ ಇರುತ್ತವೆ. ಕಷ್ಟಪಟ್ಟು ಕಲಿತದ್ದರಲ್ಲಿ ಮಕ್ಕಳಿಗೆ ಖುಷಿ ಜಾಸ್ತಿ.

ಯಾವಾಗ ಕೇಳಬೇಕು? ಸೋತು ಬಂದ ಮಾರನೇ ದಿನ ಬೇಡ, ಗೆದ್ದ ದಿನವೂ ಬೇಡ. ಶಾಲೆ ಶುರುವಾಗಿ ಒಂದು ಹದಕ್ಕೆ ಬಂದ ಮೇಲೆ ಜುಲೈನಲ್ಲಿ ಒಂದು ಸಲ, ದಸರಾ ರಜೆ ಮುಗಿದ ಮೇಲೆ ಒಂದು ಸಲ, ಪರೀಕ್ಷೆಯ ಬಿಸಿ ಏರುವ ಮೊದಲು ಜನವರಿಯಲ್ಲಿ ಒಂದು ಸಲ. ಬದ್ಧತೆ ಅನ್ನೋದು ಎತ್ತರದ ಹಾಗೆ ಬಂದು ನಿಲ್ಲುವಂಥದ್ದಲ್ಲ, ವರ್ಷದಲ್ಲೇ ಏರಿಳಿಯುತ್ತದೆ. ಹಾಗಾಗಿ ಒಂದು ಮಗುವನ್ನು ಪಕ್ಕದ ಮಗುವಿನ ಜೊತೆ ಹೋಲಿಸಬೇಡಿ, ಅದೇ ಮಗುವಿನ ಜುಲೈ ಜೊತೆ ಹೋಲಿಸಿ. ಚಿಕ್ಕ ಬದಲಾವಣೆಗೆ ಬೆಚ್ಚಬೇಡಿ. ನಾಲ್ಕು ವಾಕ್ಯದ ಸರಾಸರಿಯಲ್ಲಿ ಒಂದು ಬೀಜ ಹೆಚ್ಚುಕಡಿಮೆ ಆದರೆ 0.25 ಬದಲಾಗುತ್ತದೆ. ಅದು ಅವತ್ತು ಬೆಳಗ್ಗೆ ತಿಂಡಿ ಆಗಿಲ್ಲ ಅನ್ನೋದಕ್ಕೂ ಇರಬಹುದು. ಒಂದು ಪೂರ್ತಿ ಅಂಕ ಇಳಿದರೆ, ಅಥವಾ ಒಲವು ಇಳಿದು ಕಟ್ಟು ಏರಿದರೆ, ಆಗ ಕೂತು ಮಾತಾಡಿ.

ಯಾರು ಕೇಳಬೇಕು ಅನ್ನೋದು ಇನ್ನೂ ಮುಖ್ಯ. ನೀವು ಕೇಳಬಾರದು ಮೇಷ್ಟ್ರೇ. ಟೀಮ್ ಹಾಕುವವರು ನೀವು. ನಿಮ್ಮ ಮುಂದೆ ಯಾವ ಮಗು "ಬಿಡಬೇಕು ಅನ್ಸುತ್ತೆ" ಎಂದು ಬೀಜ ಹಾಕುತ್ತದೆ? ಮಕ್ಕಳು ಸಲಿಗೆಯಿಂದಿರುವ ಬೇರೆ ಟೀಚರ್ ಇರುತ್ತಾರಲ್ಲ, ಹೆಣ್ಣುಮಕ್ಕಳಿಗೆ ಮೇಡಂ ಒಬ್ಬರಾದರೆ ಒಳ್ಳೆಯದು, ಅವರು ಕೂರಲಿ. ಮೊದಲು ಮನೆಯವರಿಗೆ ಏನು ಕೇಳುತ್ತೇವೆ, ಯಾಕೆ ಎಂದು ತಿಳಿಸಿ ಒಪ್ಪಿಗೆ ಪಡೆಯಿರಿ. ಮಗುವಿಗೂ ಬೇಡ ಅನ್ನುವ ಹಕ್ಕು ಇರಲಿ. ನಿಮ್ಮ ಕೈಗೆ ಬರಬೇಕಾದದ್ದು ಇಡೀ ಗುಂಪಿನ ಚಿತ್ರ. ಯಾರ ಉತ್ತರ ಯಾವುದು ಅನ್ನೋದು ಆ ಟೀಚರ್ ಹತ್ತಿರವೇ ಉಳಿಯಲಿ, ಮಗು ಒಪ್ಪಿದರೆ ಮಾತ್ರ ನಿಮಗೆ ಬರಲಿ. ಒಂದೇ ಒಂದು ವಿನಾಯಿತಿ: ಮಗುವಿಗೆ ಯಾರಿಂದಲೋ ತೊಂದರೆ ಆಗುತ್ತಿದೆ ಎಂದು ಗೊತ್ತಾದರೆ ಅದನ್ನು ಮುಚ್ಚಿಡುವಂತಿಲ್ಲ. ಇದನ್ನು ಮಗುವಿಗೂ ಮೊದಲೇ ಹೇಳಿರಬೇಕು.

ಓದು ಮತ್ತು ಆಟದ ತಕ್ಕಡಿ ಬಗ್ಗೆಯೂ ಒಂದು ಮಾತು. ಪ್ರಶ್ನಾವಳಿಯಲ್ಲಿ 'ಬೇರೆ ಆದ್ಯತೆಗಳು' ಎಂಬ ವಿಭಾಗ ಇದೆ. ಓದಿನ ಕಡೆ ಮನಸ್ಸಿರುವ ಮಗುವಿಗೆ ಅಲ್ಲಿ ಜಾಸ್ತಿ ಬರುತ್ತದೆ. ಅದನ್ನು ನೋಡಿ ಬದ್ಧತೆ ಕಡಿಮೆ ಎಂದು ಬರೆದುಬಿಡಬೇಡಿ. ಅನಿಲ್ ಕುಂಬ್ಳೆ ಬೆಂಗಳೂರಿನ ಆರ್‌ವಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದವರು. ಓದು ಅವರ ಬೌಲಿಂಗನ್ನು ತಿನ್ನಲಿಲ್ಲ. ಬೇರೆ ದಾರಿ ಇದೆ ಎಂದು ಗೊತ್ತಿರುವ ಮಗು ಆದರೂ ಆಟಕ್ಕೆ ಬರುತ್ತಿದೆ ಅಂದರೆ, ಆ ಒಲವಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 13, 14ಕ್ಕೆ ಬಂದಾಗ ಬಟ್ಟೆ ಬದಲಿಸೋಕೆ ಜಾಗ ಇಲ್ಲ, ಶೌಚಾಲಯಕ್ಕೆ ನೀರಿಲ್ಲ, ಸಂಜೆ ಕತ್ತಲಾದರೆ ಮನೆಗೆ ಹೋಗೋದು ಹೇಗೆ ಎಂಬ ಕಾರಣಕ್ಕೆ ನಿಲ್ಲುವವರೇ ಎಷ್ಟೋ ಜನ. ಅದು ಅವರ ಬದ್ಧತೆಯ ಕೊರತೆಯಲ್ಲ, ನಮ್ಮ ಮೈದಾನದ ಕೊರತೆ. ಎರಡನೇ ಬಿಡಿ ಪ್ರಶ್ನೆಯಲ್ಲಿ ಇಂಥವು ಹೊರಗೆ ಬರುತ್ತವೆ, ಬಂದರೆ ಸರಿ ಮಾಡಿಸಬಹುದು.

12, 13ರ ಮಕ್ಕಳ ಒಲವು ಒಂದು ಆಟದಿಂದ ಇನ್ನೊಂದಕ್ಕೆ ಹಾರುವುದೂ ಸಹಜ. ಕೆನಡಾದ ಸಂಶೋಧಕ ಝಾನ್ ಕೋಟೆ ಅವರ ಮಾದರಿಯಲ್ಲಿ 6ರಿಂದ 12ರವರೆಗೆ ಹಲವು ಆಟಗಳ ರುಚಿ ನೋಡುವ ವಯಸ್ಸು, 13ರಿಂದ 15ಕ್ಕೆ ಒಂದೆರಡು ಆಟದ ಕಡೆ ವಾಲುವ ವಯಸ್ಸು, ಒಂದೇ ಆಟಕ್ಕೆ ಪೂರ್ತಿ ಒಪ್ಪಿಸಿಕೊಳ್ಳುವುದು 16ರ ನಂತರ. ನಿಮ್ಮ 38ರಲ್ಲಿ ಬಹುಪಾಲು ಮಕ್ಕಳು ಇನ್ನೂ ಅಲ್ಲಿಗೆ ತಲುಪಿಯೇ ಇಲ್ಲ. ಕಬಡ್ಡಿ ಬಿಟ್ಟು ಓಟಕ್ಕೆ ಹೋಗುತ್ತೇನೆ ಎನ್ನುವ ಹುಡುಗನನ್ನು ಚಂಚಲ ಎನ್ನಬೇಡಿ.

ದಾನಿಗಳಿಗೆ ಏನು ಹೇಳೋದು? ಅವರ ಮನಸ್ಸು ಒಳ್ಳೆಯದಿದೆ, ದುಡ್ಡು ಸರಿಯಾದ ಕಡೆ ಹೋಗಬೇಕು ಅನ್ನೋದು ನ್ಯಾಯವೇ. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: "ಹಾಲು, ಮೊಟ್ಟೆ, ಶೂ ಮೈದಾನಕ್ಕೆ ಬರುವ 38 ಮಕ್ಕಳಿಗೂ ಇರಲಿ ಸಾರ್, ಅದು ಬೆಳೆಯುವ ಮೈಗೆ ಬೇಕಾದದ್ದು. ಹೆಚ್ಚಿನದನ್ನು 15 ಮಕ್ಕಳಿಗೆ ಹಂಚೋ ಬದಲು ಮಕ್ಕಳೇ ಹೇಳಿದ ಒಂದು ಕೊರತೆಗೆ ಹಾಕೋಣ. ವರ್ಷಕ್ಕೆ ಮೂರು ಸಲ ನಿಮಗೆ ವರದಿ ಕೊಡ್ತೀನಿ." ಆ ವರದಿಯಲ್ಲಿ ಹೆಸರುಗಳು ಬೇಡ. ಗುಂಪಿನ ಒಲವು ಜುಲೈಯಿಂದ ಜನವರಿಗೆ ಏರಿತೋ ಇಳಿಯಿತೋ, ಎಷ್ಟು ಮಕ್ಕಳು ಉಳಿದರು, ಬಿಟ್ಟವರು ಯಾಕೆ ಬಿಟ್ಟರು, ಯಾವ ಕೊರತೆ ಸರಿಯಾಯಿತು. ಅಂಕ ಬೇಕು ಎಂದವರಿಗೆ ಅಂಕಿಗಳು ಸಿಗುತ್ತವೆ, ಯಾವ ಮಗುವಿನ ತಟ್ಟೆಯಿಂದಲೂ ಮೊಟ್ಟೆ ಹೋಗುವುದಿಲ್ಲ. ಜಿಲ್ಲಾ ಮಟ್ಟದ ತಂಡಕ್ಕೆ ಆರಿಸೋದಿದ್ದರೆ ಆಟ ನೋಡಿ ಆರಿಸಿ. ಅದಕ್ಕೆ ನಿಮ್ಮ ಕಣ್ಣು ಸಾಕು.

ನಿಮ್ಮ ಕಣ್ಣಿನ ಬಗ್ಗೆ ಇದನ್ನೂ ಹೇಳಬೇಕು. ಪ್ರತಿ ಶನಿವಾರ ಹತ್ತು ನಿಮಿಷ ಕೂತು ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಎರಡು ಮೂರು ಸಾಲು ಬರೆದಿಡಿ. ಕಾಲು ಉಳುಕಿದ ಹುಡುಗ ಆಡೋಕಾಗದಿದ್ದರೂ ಬಂದು ಕೂತು ನೋಡಿದ. ಯಾವಾಗಲೂ ಪ್ರಶ್ನೆ ಕೇಳುತ್ತಿದ್ದವಳು ಈ ವಾರ ಕೇಳಲಿಲ್ಲ. ಸೀಟಿ ಊದಿದ ಮೇಲೂ ಮೂವರು ಮೈದಾನ ಬಿಡಲಿಲ್ಲ. ಇಂಥ ಸಾಲುಗಳನ್ನು ಬೀಜದ ಲೆಕ್ಕದ ಪಕ್ಕ ಇಟ್ಟು ಓದಿದರೆ ಅಂಕಿಗೆ ಅರ್ಥ ಬರುತ್ತದೆ.

ಕಳೆಯಿಲ್ಲದ ಮುಖದ ಆ ಹುಡುಗಿಗೆ ಮಾತ್ರ ಜುಲೈಗೂ ಕಾಯಬೇಡಿ, ಪ್ರಶ್ನಾವಳಿಗೂ ಕಾಯಬೇಡಿ. ಮೂರು ತಿಂಗಳು ದೊಡ್ಡ ಅವಧಿ. ಮೈ ಹುಷಾರಿಲ್ಲವೇ, ರಕ್ತ ಕಡಿಮೆ ಇದೆಯೇ ಎಂದು ಮೊದಲು ಮನೆಯವರ ಮೂಲಕ ಡಾಕ್ಟರಿಗೆ ತೋರಿಸಿ. ಹದಿಹರೆಯದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ತುಂಬಾ ಸಾಮಾನ್ಯ, ಅದೇ ಸಾಕು ಮುಖದ ಕಳೆ ಕುಂದಿಸೋಕೆ. ಜೊತೆಗೆ ಅವಳಿಗೆ ಹತ್ತಿರವಾದ ಟೀಚರ್ ಒಬ್ಬರು ಈ ವಾರವೇ ಅವಳ ಪಕ್ಕದಲ್ಲಿ ಕೂರಲಿ. ಎದುರಿಗೆ ಬೇಡ, ಪಕ್ಕದಲ್ಲಿ. ಮೈದಾನದ ಕಟ್ಟೆಯಾದರೂ ಸರಿ. ಆಟದ ಬಗ್ಗೆ ಹೊಗಳೋದಾಗಲಿ, ಬುದ್ಧಿ ಹೇಳೋದಾಗಲಿ ಬೇಡ. ಇಷ್ಟೇ ಕೇಳಲಿ: "ನಾಳೆಯಿಂದ ಬರದೇ ಇದ್ರೂ ಯಾರೂ ಏನೂ ಅನ್ನಲ್ಲ ಅಂತ ಇಟ್ಕೋ. ಏನ್ ಮಾಡ್ತೀಯಾ?" ಕೇಳಿದ ಮೇಲೆ, ಅವಳಾಗಿ ಮಾತಾಡುವವರೆಗೆ ಅವರು ಸುಮ್ಮನೆ ಕೂತಿರಲಿ.